ಗೇರ್‌ಬಾಕ್ಸ್ ಮುಚ್ಚುವ ಮೊದಲು

ರಸ್ತೆ ಕಾರಿನ ಗೇರ್‌ಬಾಕ್ಸನ್ನು ಸಾಮಾನ್ಯವಾಗಿ ಕೆಟ್ಟಾಗಲೇ ಬಿಚ್ಚುವುದು. ರೇಸ್ ಕಾರಿನದು ಹಾಗಲ್ಲ. ಚೆನ್ನಾಗಿದ್ದರೂ ಬಿಚ್ಚುತ್ತಾರೆ. ಉದ್ದನೆಯ ನೇರ ದಾರಿ ಇರುವ ಟ್ರ್ಯಾಕಿಗೆ ಒಂದು ಬಗೆಯ ಗೇರ್ ಜೋಡಿ ಬೇಕು, ತಿರುವುಗಳೇ ಜಾಸ್ತಿ ಇರುವ ಕಡೆ ಇನ್ನೊಂದು. ಇಷ್ಟು ಸಲ ಬಿಚ್ಚಿ ಜೋಡಿಸುವಾಗ ತಪ್ಪು ನುಸುಳುವುದೂ ಸುಲಭ, ಅಲ್ವಾ?

ಮೊದಲ ಶತ್ರು ಧೂಳು. ಗೇರ್ ಹಲ್ಲುಗಳು ಒಂದನ್ನೊಂದು ಒತ್ತುವಾಗ ನಡುವೆ ಉಳಿಯುವ ಎಣ್ಣೆಯ ಪೊರೆ ಹೆಚ್ಚೆಂದರೆ ಒಂದು ಮೈಕ್ರಾನಿನ ಆಸುಪಾಸು. ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣದ 10 ಮೈಕ್ರಾನಿನ ಗಟ್ಟಿ ಕಣ ಸಿಕ್ಕಿಕೊಂಡರೂ ಉಕ್ಕಿನ ಮೇಲೆ ಗೀರು ಬೀಳುತ್ತದೆ. ಅದಕ್ಕೇ ನೂಲು ಬಿಡದ ಬಟ್ಟೆ, ತೊಳೆದ ಮೇಜು. ತೊಳೆದ ಬೇರಿಂಗನ್ನು ಗಾಳಿ ಬಿಟ್ಟು ಗಿರ್ರನೆ ತಿರುಗಿಸುವ ಚಾಳಿಯೂ ಬೇಡ. ಎಣ್ಣೆಯಿಲ್ಲದೆ ಗುಂಡುಗಳು ಜಾರಿ ಮೇಲ್ಮೈ ಕೆಡುತ್ತದೆ.

ಬೇರಿಂಗ್ ಕೂರಿಸುವುದರಲ್ಲಿ ನನಗೆ ಬಲು ಇಷ್ಟವಾಗುವುದು ಶಾಖದ ಉಪಾಯ. ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೇರಿಂಗ್ ಕೂರುವ 62 ಮಿ.ಮೀ. ಅಗಲದ ಗೂಡಿರುವ ಅಲ್ಯುಮಿನಿಯಂ ಕೇಸಿಂಗನ್ನು (ಗೇರ್‌ಬಾಕ್ಸಿನ ಹೊರಕವಚ) ಓವನ್ನಿನಲ್ಲಿಟ್ಟು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿದರೆ ಗೂಡು ಸುಮಾರು 0.11 ಮಿ.ಮೀ. ದೊಡ್ಡದಾಗುತ್ತದೆ. ಅಷ್ಟು ಸಾಕು. ತಣ್ಣಗಿನ ಬೇರಿಂಗ್ ತಾನೇ ಜಾರಿ ಕೂರುತ್ತದೆ. ಬ್ಲೋ ಲ್ಯಾಂಪಿನಿಂದ ಒಂದೇ ಕಡೆ ಕಾಯಿಸಿದರೆ ಕೇಸಿಂಗ್ ಸೊಟ್ಟಗಾಗಬಹುದು. ಸುತ್ತಿಗೆಯಂತೂ ಬೇಡವೇ ಬೇಡ. ಒಳಗಿನ ಬಳೆಗೆ ಹೊಡೆದು ಹೊರಗಿನ ಬಳೆಯನ್ನು ಕೂರಿಸಲು ಹೋದರೆ ಪೆಟ್ಟು ಗುಂಡುಗಳ ಮೂಲಕವೇ ಹಾದು ಹೋಗಿ ಸಣ್ಣ ಸಣ್ಣ ಕುಳಿ ಬೀಳುತ್ತವೆ.

ನಿಜವಾದ ತಾಳ್ಮೆ ಬೇಕಾಗುವುದು ಕ್ರೌನ್ ವೀಲ್ ಎಂಬ ದೊಡ್ಡ ಗೇರು ಮತ್ತು ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಗೇರು ಹೊಂದಿಸುವಾಗ. ಇವೆರಡನ್ನೂ ಸಾಮಾನ್ಯವಾಗಿ ಜೋಡಿಯಾಗಿಯೇ ತಯಾರಿಸಿ ಗುರುತು ಕೆತ್ತಿರುತ್ತಾರೆ. ಒಂದನ್ನು ಮಾತ್ರ ಬದಲಿಸುವ ಹಾಗಿಲ್ಲ. ಹಲ್ಲುಗಳ ನಡುವಿನ ಪ್ಲೇಯನ್ನು, ಅಂದರೆ ಸಡಿಲವನ್ನು, ಮುಳ್ಳಿನಿಂದ ಅಳತೆ ತೋರಿಸುವ ಡಯಲ್ ಗೇಜ್ ಇಟ್ಟು ಅಳೆಯುತ್ತಾರೆ. ಎಷ್ಟಿರಬೇಕೆಂದು ತಯಾರಕರ ಪಟ್ಟಿ ಹೇಳುತ್ತದೆ, ಬಹಳ ಸಲ ಅದು 0.1ರಿಂದ 0.2 ಮಿ.ಮೀ. ಆದರೆ ಅಳತೆ ಸರಿಯಿದ್ದರೂ ಹಲ್ಲು ತಪ್ಪು ಜಾಗದಲ್ಲಿ ತಾಗುತ್ತಿರಬಹುದು. ಅದನ್ನು ನೋಡಲು ಹಲ್ಲಿಗೆ ಪ್ರಷ್ಯನ್ ಬ್ಲೂ ಬಳಿದು ಕೈಯಲ್ಲಿ ತಿರುಗಿಸುತ್ತಾರೆ. ಮುನ್ನೂರು ವರ್ಷದ ಹಿಂದೆ ಬರ್ಲಿನ್‌ನಲ್ಲಿ ಹುಟ್ಟಿದ ಚಿತ್ರಕಾರರ ಬಣ್ಣ ಇದು! ಗುರುತು ಕ್ರೌನ್ ಹಲ್ಲಿನ ಬುಡದಲ್ಲಿ ಬಿದ್ದರೆ ಪಿನಿಯನ್ ತೀರಾ ಒಳಗಿದೆ, ತುದಿಯಲ್ಲಿ ಬಿದ್ದರೆ ದೂರವಿದೆ. ಶಿಮ್ (ಅಂತರ ಹೊಂದಿಸಲು ಇಡುವ ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ಜೋಡಿಸಬೇಕು, ಮತ್ತೆ ಬಳಿಯಬೇಕು. ಸರಿಯಾಗುವವರೆಗೂ ಇದೇ ಕೆಲಸ. ಗುರುತು ನಟ್ಟನಡುವೆ ಇರಬೇಕು ಅಂತಲೂ ಇಲ್ಲ. ಎಂಜಿನ್ನಿನ ಬಲ ಬಿದ್ದಾಗ ಶಾಫ್ಟು, ಕೇಸಿಂಗು ಎಲ್ಲವೂ ತುಸು ಬಾಗಿ, ಗುರುತು ಹಲ್ಲಿನ ಹೊರತುದಿಯ ಕಡೆ ಸರಿಯುತ್ತದೆ. ಹಾಗಾಗಿ ಮೇಜಿನ ಮೇಲೆ ಅದು ಕೊಂಚ ಒಳತುದಿಯ ಕಡೆಗಿದ್ದರೇ ಒಳ್ಳೆಯದು.

ಬೋಲ್ಟುಗಳಿಗೆ ಟಾರ್ಕ್ ರೆಂಚ್ ಬಳಸಿ, ಅಂದರೆ ತಿರುಗಿಸುವ ಬಲವನ್ನು (ಟಾರ್ಕ್) ಅಳೆದು ಬಿಗಿಯುವ ಪಾನಾ. ಬೋಲ್ಟಿನ ತಿರುಪಿಗೆ ಎಣ್ಣೆ ಹಚ್ಚಬೇಕೋ ಬೇಡವೋ ಎಂದು ಪಟ್ಟಿಯಲ್ಲಿ ನೋಡಿಕೊಳ್ಳಿ. ಎಣ್ಣೆಯಿದ್ದರೆ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಬಿಗಿಯುತ್ತದೆ.

ಕೊನೆಗೆ ಡಾಗ್‌ಗಳು. ಹೆಚ್ಚಿನ ರೇಸ್ ಗೇರ್‌ಬಾಕ್ಸುಗಳಲ್ಲಿ ಸಿಂಕ್ರೊ, ಅಂದರೆ ಗೇರ್ ಬೀಳುವ ಮೊದಲು ವೇಗಗಳನ್ನು ಸಮಮಾಡುವ ಭಾಗ, ಇರುವುದಿಲ್ಲ. ಗೇರಿನ ಪಕ್ಕದ ಮತ್ತು ಅತ್ತಿತ್ತ ಸರಿಯುವ ಡಾಗ್ ರಿಂಗಿನ ದಪ್ಪ ಮೊಳೆಗಳೇ (ಇವೇ ಡಾಗ್‌ಗಳು) ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಅವುಗಳ ಬದಿಯನ್ನು ಬುಡದ ಕಡೆ ಕೆಲವು ಡಿಗ್ರಿ ಒಳಕ್ಕೆ ಇಳಿಜಾರಾಗಿ ಕೊರೆದಿರುತ್ತಾರೆ. ಬಲ ಬಿದ್ದಷ್ಟೂ ಒಳಕ್ಕೆ ಎಳೆದುಕೊಳ್ಳಲಿ ಎಂದು. ಮೂಲೆಗಳು ದುಂಡಗಾಗಿದ್ದರೆ ಹಾಕಿದ ಗೇರ್ ತಾನೇ ಕಳಚಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಡಾಗ್ ರಿಂಗಿನ ಎರಡೂ ಕಡೆ ಸಂದು ಸಮವಾಗಿದೆಯೇ ಎಂದು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ನೋಡಿ. ಮುಚ್ಚುವ ಮುನ್ನ ಕೈಯಲ್ಲೇ ಶಾಫ್ಟ್ ತಿರುಗಿಸುತ್ತಾ ಒಂದೊಂದೇ ಗೇರ್ ಹಾಕಿ ತೆಗೆಯಿರಿ. ಎಲ್ಲಾದರೂ ಹಿಡಿದಂತೆ ಅನ್ನಿಸಿದರೆ ಕಾರಣ ಸಿಗುವವರೆಗೆ ಬಿಡಬೇಡಿ.

ಮೊದಲ ಓಟದ ನಂತರ ಎಣ್ಣೆ ಇಳಿಸಿ, ಡ್ರೈನ್ ಪ್ಲಗ್ಗಿನ ಅಯಸ್ಕಾಂತ ನೋಡಿ. ನುಣ್ಣನೆಯ ಬೂದು ಅಂಟು ಸ್ವಲ್ಪ ಇದ್ದರೆ ಸಹಜ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಮತ್ತೆ ಬಿಚ್ಚಿ.