ಹ್ಯಾಲೋವೀನ್ ಊಟದ ಮೇಜು: ನಡುವಿನ ಅಲಂಕಾರ ಕಟ್ಟುವ ಕ್ರಮ

ದೆವ್ವ-ಭೂತಗಳ ವೇಷದ ಹ್ಯಾಲೋವೀನ್ ಹಬ್ಬಕ್ಕೆ, ಅಕ್ಟೋಬರ್ 31ರ ರಾತ್ರಿಯ ಊಟಕ್ಕೆ ಸೆಂಟರ್‌ಪೀಸ್, ಅಂದರೆ ಮೇಜಿನ ನಡುವಿನ ಅಲಂಕಾರ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕುಂಬಳಕಾಯಿ ಕೊಂಡು ತಂದು, ಆಮೇಲೆ ಅದಕ್ಕೆ ಜಾಗ ಹುಡುಕುತ್ತಾರೆ. ಈ ಕ್ರಮ ತಿರುಗುಮುರುಗಾಗಬೇಕು. ತಟ್ಟೆ, ಲೋಟ, ಎದುರು ಕೂತವರ ಮುಖ, ಇವಕ್ಕೆಲ್ಲ ಜಾಗ ಬಿಟ್ಟು ಉಳಿದದ್ದಷ್ಟೇ ಅಲಂಕಾರದ ಪಾಲು. ಆ ಸಣ್ಣ ಪಾಲಿನಲ್ಲಿ ಹೆದರಿಕೆಯ ಕಳೆ ತುಂಬಿಸುವುದು ಬೆಳಕಿನ ಕೆಲಸ. ಬೆಳಕು ಕೆಳಗಿನಿಂದ ಬಂದರೆ ನಾಲ್ಕೇ ಕಾಯಿ ಸಾಕು, ಮೇಲಿಂದ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ನಲವತ್ತಿದ್ದರೂ ತರಕಾರಿ ಅಂಗಡಿಯೇ.

ಅಳತೆ ಮೊದಲು

ಆರು ಜನರ ಮೇಜನ್ನು ಉದಾಹರಣೆಗೆ ತೆಗೆದುಕೊಳ್ಳೋಣ: 180 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲ. ಊಟದ ತಟ್ಟೆ ಸುಮಾರು 27 ಸೆಂ.ಮೀ., ಅದು ಅಂಚಿನಿಂದ ಎರಡೂವರೆ ಸೆಂ.ಮೀ. ಒಳಗೆ ಕೂರುತ್ತದೆ. ಅಲ್ಲಿಗೆ ಒಂದೊಂದು ಬದಿಗೆ 30 ಸೆಂ.ಮೀ. ಹೋಯಿತು, ನಡುವೆ ಉಳಿದದ್ದು 30. ಅದರಲ್ಲೂ ನೀರಿನ ಲೋಟಗಳು ತಟ್ಟೆಯ ಮುಂದಿನ ಬಲಮೂಲೆಯಿಂದ ಒಳಕ್ಕೆ ನುಗ್ಗುತ್ತವೆ. ಹಾಗಾಗಿ ಮೇಜಿನ ನಡುವೆ ಉದ್ದಕ್ಕೆ ಹಾಸುವ ರನ್ನರ್ ಬಟ್ಟೆ 30 ಸೆಂ.ಮೀ. ಅಗಲ ಇರಲಿ, ಸಾಮಾನುಗಳು ಮಾತ್ರ 20ರಿಂದ 22 ಸೆಂ.ಮೀ. ಒಳಗೇ ನಿಲ್ಲಲಿ. ಮೇಜಿನ ಎರಡು ತುದಿಯಲ್ಲೂ ಒಬ್ಬೊಬ್ಬರು ಕೂರುವುದಾದರೆ ಅವರಿಗೆ 45 ಸೆಂ.ಮೀ. ಬಿಡಬೇಕು. ಅಲಂಕಾರದ ಉದ್ದ 90 ಸೆಂ.ಮೀ.ಗೆ ಬಂದು ನಿಂತಿತು.

ಎತ್ತರದ ಲೆಕ್ಕ ಇದಕ್ಕಿಂತ ಮುಖ್ಯ. ಕೂತವರ ಕಣ್ಣು ಮೇಜಿನ ಮೇಲ್ಮೈಯಿಂದ ಸುಮಾರು 40ರಿಂದ 45 ಸೆಂ.ಮೀ. ಮೇಲಿರುತ್ತದೆ. ದಪ್ಪನೆಯ ಯಾವ ವಸ್ತುವೂ 30 ಸೆಂ.ಮೀ. ದಾಟಬಾರದು. ದಾಟಲೇಬೇಕೆಂದರೆ ಒಣಕೊಂಬೆಯಂತೆ ಕಾಂಡ ತೆಳ್ಳಗಿದ್ದು, ಹರಡುವ ಭಾಗ 60 ಸೆಂ.ಮೀ. ಮೇಲೆ ಇರಬೇಕು. ನಡುವಿನ ಆ 30 ಸೆಂ.ಮೀ. ಎದುರಿನವರ ಮುಖದ್ದು. ಕುರ್ಚಿಯಲ್ಲಿ ಕೂತು ನೋಡದೆ, ನಿಂತುಕೊಂಡೇ ಜೋಡಿಸಿ ಮುಗಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು.

ಅಮೆರಿಕದ ಅನೇಕ ಔತಣಗಳಲ್ಲಿ ತಟ್ಟೆಗೆ ಅಡುಗೆಮನೆಯಲ್ಲೇ ಬಡಿಸಿ ತರುತ್ತಾರೆ, ಮೇಜಿನ ನಡುಭಾಗ ಪೂರ್ತಿ ಅಲಂಕಾರಕ್ಕೆ ಸಿಗುತ್ತದೆ. ನಮ್ಮವರ ಮನೆಗಳಲ್ಲಿ, ಅದು ಡಲ್ಲಾಸ್ ಆಗಲಿ ಬೆಂಗಳೂರಾಗಲಿ, ಪಲಾವಿನ ಪಾತ್ರೆ, ಪಲ್ಯ, ಮೊಸರು ಎಲ್ಲ ನಡುವೆಯೇ ಬರುತ್ತವೆ. ಹಾಗಿದ್ದರೆ ಒಂದೇ ಉದ್ದ ಸಾಲು ಬೇಡ. ಎರಡು ಗುಂಪು ಮಾಡಿ, ನಡುವೆ 30 ಸೆಂ.ಮೀ. ಖಾಲಿ ಬಿಡಿ. ಬಿಸಿ ಪಾತ್ರೆ ಇಳಿಸುವಾಗ ಯಾರಾದರೂ ಒಂದು ಕೈಯಲ್ಲಿ ಕುಂಬಳಕಾಯಿ ಎತ್ತಿ ಹಿಡಿದು ನಿಲ್ಲುವ ಪ್ರಸಂಗ ಬರುವುದಿಲ್ಲ.

ಕಾಯಿಗಳ ಆಯ್ಕೆ

ಹ್ಯಾಲೋವೀನ್‌ಗೆ ಕುಂಬಳಕಾಯಿಯಲ್ಲಿ ಮುಖ ಕೆತ್ತಿ ಒಳಗೆ ದೀಪ ಇಡುತ್ತಾರೆ. ಐರ್ಲೆಂಡಿನಲ್ಲಿ ಈ ದೀಪಗಳನ್ನು ಟರ್ನಿಪ್ ಗೆಡ್ಡೆಯಲ್ಲಿ ಕೆತ್ತುತ್ತಿದ್ದರು. ಅಲ್ಲಿಂದ ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳ ಸಿಕ್ಕಿತು. ಅದು ದೊಡ್ಡದು, ಒಳಗೆ ಪೊಳ್ಳು, ಕೆತ್ತಲು ಸುಲಭ. ಕೆತ್ತನೆಗೆಂದೇ ಬೆಳೆಸುವ ಹೌಡನ್ ತಳಿ ಮನೆಯ ಮೆಟ್ಟಿಲಿಗೆ ಹೇಳಿ ಮಾಡಿಸಿದ್ದು, ಮೇಜಿಗೆ ತೀರ ದೊಡ್ಡದು. ಮೇಜಿಗೆ ಬೇಕಾದದ್ದು ಇಷ್ಟು: 15ರಿಂದ 18 ಸೆಂ.ಮೀ. ಅಡ್ಡಳತೆಯ, ಅಡುಗೆಗೆ ಬಳಸುವ ಒಂದು ಪೈ ಕುಂಬಳ, ಅಂಗೈಯಲ್ಲಿ ಕೂರುವ ಜ್ಯಾಕ್ ಬಿ ಲಿಟಲ್ ತಳಿಯ ಐದು ಪುಟ್ಟ ಕಾಯಿ, ಬಿಳಿ ಬಣ್ಣದ ಬೇಬಿ ಬೂ ತಳಿಯ ಎರಡು. ಬಿಳಿಯವನ್ನು ಬಿಡಬೇಡಿ. ಮಂದ ಬೆಳಕಿನಲ್ಲಿ ಕಿತ್ತಳೆ ಬಣ್ಣ ಕಂದಾಗಿ ಇಳಿದುಬಿಡುತ್ತದೆ, ಕಪ್ಪು ಕಾಣುವುದೇ ಇಲ್ಲ. ಕಪ್ಪು ಬಟ್ಟೆ, ಕಪ್ಪು ಬಳಿದ ಕಾಯಿ, ಕಪ್ಪು ಮೇಣದಬತ್ತಿ ಎಲ್ಲ ಸೇರಿಸಿದ ಮೇಜು ಹಗಲಿನ ಫೋಟೊದಲ್ಲಿ ಚೆಂದ, ರಾತ್ರಿ ಬರೀ ಕತ್ತಲೆಯ ಗುಂಡಿ. ಬಿಳಿ ಕಾಯಿಯೋ ಹಿತ್ತಾಳೆಯ ಬಟ್ಟಲೋ ಇದ್ದರೆ ಬೆಳಕು ಹಿಡಿದು ವಾಪಸು ಕೊಡುತ್ತದೆ.

ಕೊಳ್ಳುವಾಗ ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಬೇಡ. ತೊಟ್ಟು ಹಿಡಿದು ಎತ್ತಬಾರದು. ತೊಟ್ಟು ಮುರಿದ ಜಾಗದಿಂದಲೇ ಕೊಳೆತ ಶುರುವಾಗುತ್ತದೆ. ಗಾಯವಿಲ್ಲದ ಇಡೀ ಕಾಯಿ ತಂಪು, ಒಣ ಜಾಗದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಆದ್ದರಿಂದ ಎರಡು ವಾರ ಮೊದಲೇ ತಂದಿಟ್ಟುಕೊಳ್ಳಬಹುದು. ಕೆತ್ತಿದ್ದು ಹಾಗಲ್ಲ. ಸೆಕೆಯಲ್ಲಿ ಎರಡು ಮೂರು ದಿನಕ್ಕೇ ಬೂಸ್ಟು ಕಟ್ಟುತ್ತದೆ.

ಕರ್ನಾಟಕದಲ್ಲಿ ಮಾಡುವವರಿಗೆ: ನಮ್ಮ ಸಿಹಿಗುಂಬಳ ಕೂಡ ಅಮೆರಿಕ ಖಂಡದಿಂದಲೇ ಬಂದದ್ದು, ಆದರೆ ಬೇರೆ ಜಾತಿ. ಅದರ ತಿರುಳು ದಪ್ಪ, ಬಿಗಿ. ಕೆತ್ತಲು ಹೋದರೆ ಚಾಕು ಜಾರಿ ಕೈಗೆ ಬರುತ್ತದೆ. ಅದನ್ನು ಇಡಿಯಾಗಿ ಇಟ್ಟು, ಬಣ್ಣದಿಂದಲೇ ಮುಖ ಬರೆಯುವುದು ಜಾಣತನ. ಆಯುಧಪೂಜೆಗೆ ಮಾರುಕಟ್ಟೆ ತುಂಬುವ ಬೂದುಗುಂಬಳದ ಬೂದಿಬಿಳುಪು ದೆವ್ವದ ಮೈಬಣ್ಣಕ್ಕೆ ಸರಿಯಾಗಿ ಹೊಂದುತ್ತದೆ. ಸಣ್ಣದನ್ನೇ ಆರಿಸಿ, ಕೊಯ್ಯಬೇಡಿ. ಕೊಯ್ದರೆ ಬಟ್ಟೆಯೆಲ್ಲ ನೀರು. ಮೈಮೇಲಿನ ಬೂದಿ ಕಪ್ಪು ರನ್ನರ್‌ಗೆ ಅಂಟುವುದರಿಂದ ತಳವನ್ನಷ್ಟೇ ಒರೆಸಿ, ಮೇಲಿನದನ್ನು ಹಾಗೇ ಉಳಿಸಿ.

ಕಾಯಿಯನ್ನೇ ಹೂದಾನಿ ಮಾಡುವುದು

ಇಡೀ ಅಲಂಕಾರದ ಕೇಂದ್ರ ಇದು, ನಿಧಾನವಾಗಿ ಕಲಿಯಬೇಕಾದ ಭಾಗವೂ ಇದೇ. ಮೊದಲು ಒಳಗಿಡುವ ಗಾಜಿನ ಜಾಡಿ ಆರಿಸಿ. ಕಾಯಿಗಿಂತ ಎರಡು ಮೂರು ಸೆಂ.ಮೀ. ಗಿಡ್ಡ ಇರಲಿ. ಜಾಡಿಯನ್ನು ತೊಟ್ಟಿನ ಸುತ್ತ ಬೋರಲು ಹಾಕಿ ಗೆರೆ ಎಳೆದು, ಗೆರೆಯಿಂದ ಅರ್ಧ ಸೆಂ.ಮೀ. ಹೊರಗೆ ಸಣ್ಣ ಹಲ್ಲಿನ ಗರಗಸದಿಂದ ಕೊಯ್ಯಿರಿ. ಬೀಜ, ನಾರು ಪೂರ್ತಿ ಕೆರೆದು ತೆಗೆಯಬೇಕು. ಬೂಸ್ಟು ಮೊದಲು ಹಿಡಿಯುವುದು ಆ ನಾರಿನ ಎಳೆಗಳಿಗೆ. ಗೋಡೆ ಎರಡೂವರೆ ಸೆಂ.ಮೀ. ದಪ್ಪ ಉಳಿಯಲಿ, ತೆಳುವಾದರೆ ಮಾರನೆಯ ದಿನವೇ ಕುಸಿಯುತ್ತದೆ. 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಬೆರೆಸಿ ಒಳಗೋಡೆ ಒರೆಸಿ, ಒಂದು ಗಂಟೆ ಬೋರಲು ಹಾಕಿ ಒಣಗಿಸಿ, ಕೊಯ್ದ ಅಂಚಿಗೆ ವ್ಯಾಸಲೀನ್ ಸವರಿ. ಬ್ಲೀಚಿನ ಜೊತೆ ವಿನೆಗರ್ ಎಂದಿಗೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ನೀರು ಜಾಡಿಯಲ್ಲೇ ಇರಬೇಕು. ಕಾಯಿಗೇ ನೇರವಾಗಿ ನೀರು ತುಂಬಿಸಿದರೆ ತಿರುಳು ಮೆತ್ತಗಾಗಿ ತಳದಿಂದ ಜಿನುಗುತ್ತದೆ, ನೀರು ಕೆಟ್ಟು ಹೂವೂ ಬಾಡುತ್ತದೆ. ಜಾಡಿಯಿದ್ದರೂ ಕಾಯಿಯ ಕೆಳಗೆ ಕಾರ್ಕಿನ ಬಿಲ್ಲೆಯನ್ನೋ ಮಡಿಸಿದ ಪ್ಲಾಸ್ಟಿಕ್ಕನ್ನೋ ಇಡುವುದು ಒಳ್ಳೆಯದು. ಕಡುಗೆಂಪು ಡೇಲಿಯ, ಸೇವಂತಿಗೆ, ಕೋಳಿಜುಟ್ಟಿನ ಹೂ, ಇವು ಮೂರೂ ಈ ಕಾಲಕ್ಕೆ ಸಿಗುವಂಥವು. ತೊಟ್ಟನ್ನು ಓರೆಯಾಗಿ ಕತ್ತರಿಸಿ, ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ತೆಗೆದು, ಹಿಂದಿನ ರಾತ್ರಿಯೇ ಬಕೆಟ್ ನೀರಿನಲ್ಲಿ ನಿಲ್ಲಿಸಿ. ಜಾಡಿಯ ಬಾಯಿಗೆ ಟೇಪನ್ನು ಚೌಕುಳಿಯಾಗಿ ಅಂಟಿಸಿದರೆ ಹೂ ನಿಲ್ಲಲು ಹಸಿರು ಫೋಮ್ ಬೇಕಾಗುವುದಿಲ್ಲ. ಆ ಫೋಮ್ ಕರಗದ ಪ್ಲಾಸ್ಟಿಕ್ ಪುಡಿಯಾಗಿ ಉಳಿಯುವ ವಸ್ತು, ಊಟದ ಮೇಜಿನಿಂದ ದೂರವಿದ್ದಷ್ಟೂ ಕ್ಷೇಮ. ಕಾಯಿ, ಹೂ ಎರಡೂ ಸೇರಿ ಒಟ್ಟು ಎತ್ತರ 30 ಸೆಂ.ಮೀ. ದಾಟಬಾರದೆಂಬುದು ನೆನಪಿರಲಿ.

ತಲೆಬುರುಡೆಗೆ ಚೆಂಡುಹೂವಿನ ಹಾರ ಹಾಕಿದ ಚಿತ್ರಗಳು ಎಲ್ಲೆಲ್ಲೂ ಕಾಣುತ್ತವೆ. ಆ ಜೋಡಿ ಮೆಕ್ಸಿಕೊದವರು ನವೆಂಬರ್ 1 ಮತ್ತು 2ರಂದು ಆಚರಿಸುವ ಸತ್ತವರ ದಿನಕ್ಕೆ ಸೇರಿದ್ದು. ಅಲ್ಲಿ ಅದು ಮನೆಯ ಹಿರಿಯರನ್ನು ಕರೆದು ಎಡೆ ಇಡುವ ಆಚರಣೆ. ಪಕ್ಷಮಾಸದ ಎಡೆಯನ್ನು ಯಾರಾದರೂ ಹೆದರಿಸುವ ಆಟಕ್ಕೆ ಬಳಸಿದರೆ ನಮಗೆ ಹೇಗನಿಸೀತು? ಹ್ಯಾಲೋವೀನ್ ಮೇಜಿನಲ್ಲಿ ಇವೆರಡನ್ನು ಬೇರೆ ಬೇರೆ ಇಡುವುದೇ ಸರಿ.

ಬೆಳಕು

ಉದ್ದನೆಯ ಮೇಣದಬತ್ತಿಯ ಉರಿ ಕಣ್ಣಿನ ಮಟ್ಟಕ್ಕೇ ಬಂದರೆ ಎದುರಿನವರ ಮುಖ ಕಾಣದೆ ಕಣ್ಣು ಕುಕ್ಕುತ್ತದೆ. 25 ಸೆಂ.ಮೀ. ಬತ್ತಿಯನ್ನು 10 ಸೆಂ.ಮೀ. ಸ್ಟ್ಯಾಂಡಿನಲ್ಲಿ ಇಟ್ಟಾಗ ಆಗುವುದು ಸುಮಾರಾಗಿ ಇದೇ. ಸ್ಟ್ಯಾಂಡು 30 ಸೆಂ.ಮೀ. ಇದ್ದರೆ ಉರಿ 55ರಲ್ಲಿ ಶುರುವಾಗುತ್ತದೆ. ಗಂಟೆಗೆ ಸುಮಾರು ಎರಡೂವರೆ ಸೆಂ.ಮೀ. ಕರಗಿದರೂ ಊಟ ಮುಗಿಯುವವರೆಗೆ ಕಣ್ಣಿಗಿಂತ ಮೇಲೇ ಇರುತ್ತದೆ. ಅಷ್ಟೆತ್ತರದ ಸ್ಟ್ಯಾಂಡಿಗೆ ಅಗಲವಾದ, ಭಾರವಾದ ತಳ ಬೇಕು. ಉರಿಯ ಸುತ್ತ 30 ಸೆಂ.ಮೀ. ಒಳಗೆ ಹೊತ್ತಿಕೊಳ್ಳುವ ಯಾವುದೂ ಇರಬಾರದೆಂದು ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎ ಹೇಳುತ್ತದೆ. ನಮ್ಮ ರನ್ನರ್‌ನ ಅಗಲವೇ 30. ಅಂದರೆ ಒಣ ಎಲೆ, ಜೋಳದ ಸಿಪ್ಪೆ, ಹತ್ತಿಯ ಜೇಡರಬಲೆ ಇರುವ ಗುಂಪಿನಲ್ಲಿ ನಿಜವಾದ ಉರಿಗೆ ಜಾಗವೇ ಇಲ್ಲ.

ಆದ್ದರಿಂದ ಕೆಳಮಟ್ಟದ ಬೆಳಕೆಲ್ಲ ಎಲ್‌ಇಡಿ ಆಗಲಿ: ಕಾಯಿಗಳ ಹಿಂದೆ, ಎಲೆಗಳ ನಡುವೆ, ಕಣ್ಣಿಗೆ ಬಲ್ಬ್ ಕಾಣದಂತೆ ಆರು ಪುಟ್ಟ ಬಟ್ಟಲುದೀಪಗಳು, ಅಂದರೆ ಟೀಲೈಟ್‌ಗಳು. ಕೆತ್ತಿದ ಕಾಯಿಯೊಳಗೂ ಅದೇ. ಉರಿಯ ಶಾಖಕ್ಕೆ ತಿರುಳು ಬೆಂದು ಬರುವ ವಾಸನೆ ಊಟದ ಘಮವನ್ನು ಕೆಡಿಸುತ್ತದೆ. ದೀಪ ಇಡಲು ಕಾಯಿಯ ತಳದಲ್ಲಿ ಕೊಯ್ಯಿರಿ, ಮೇಲಿನ ಮುಚ್ಚಳ ಒಣಗಿ ಕುಗ್ಗಿ ಒಳಕ್ಕೆ ಬೀಳುವ ತೊಂದರೆ ಇರುವುದಿಲ್ಲ. ಬಣ್ಣ ಬೆಚ್ಚಗಿನ ಹಳದಿಯೇ ಇರಲಿ, ಬೆಳಕಿನ ಬಣ್ಣದ ಅಳತೆಯಲ್ಲಿ 2200ರಿಂದ 2700 ಕೆಲ್ವಿನ್. ಹಸಿರು, ನೇರಳೆ ದೀಪಗಳು ಬಾಗಿಲ ಹೊರಗೆ ಚೆಂದ. ಮೇಜಿನ ಮೇಲಾದರೆ ಸಾರು, ಮಾಂಸ ಎಲ್ಲ ಹಳಸಿದಂತೆ ಕಾಣುತ್ತವೆ. ಅನೇಕ ಟೀಲೈಟ್‌ಗಳಲ್ಲಿ ಇರುವ ಸಿಆರ್2032 ಬಟನ್ ಸೆಲ್ ಮಗುವಿನ ಗಂಟಲಲ್ಲಿ ಸಿಕ್ಕರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೊಳ್ಳಿ.

ಹೊಗೆ ಬೇಕೆನ್ನುವವರು ಡ್ರೈ ಐಸ್ ಬಳಸುತ್ತಾರೆ. ಅದು ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನ ಘನ ಇಂಗಾಲದ ಡೈಆಕ್ಸೈಡ್. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಹೋಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಿಡಿಯುತ್ತದೆ. ಬಿಸಿನೀರಿಗೆ ಹಾಕಿದರೆ ಹೊಗೆ ಜೋರು, ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಅತಿಥಿಗಳು ಕೂರುವ ಹೊತ್ತಿಗೆ ಹಾಕಿ, ಕಿಟಕಿ ತೆರೆದಿಡಿ. ಈ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರ ಇಳಿದು ನಿಲ್ಲುತ್ತದೆ. ತೆವಳುವ ಮಕ್ಕಳು, ನಾಯಿ ಇರುವ ಮನೆಯಲ್ಲಿ ಇದನ್ನು ಕೈಬಿಡುವುದೇ ಮೇಲು. ಕುಡಿಯುವ ಪಾನಕಕ್ಕಂತೂ ತುಂಡು ಹಾಕಲೇಬಾರದು.

ಮೇಜಿಗೆ ಬರಬಾರದವು

ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ ನೋಡಲು ಈ ಹಬ್ಬಕ್ಕೆಂದೇ ಹುಟ್ಟಿದಂತಿದೆ, ಉಮ್ಮತ್ತಿಯ ಮುಳ್ಳುಕಾಯಿಯೂ ಹಾಗೆಯೇ. ಎರಡೂ ಕಡು ವಿಷ. ಅಗಿದ ಗುಲಗಂಜಿಯಿಂದ ಹೊರಬರುವ ಅಬ್ರಿನ್‌ಗೆ ಪ್ರತಿವಿಷವಿಲ್ಲ. ಅಮೆರಿಕದಲ್ಲಿ ಶರತ್ಕಾಲದ ಹಾರಗಳಿಗೆ ಕಟ್ಟುವ ಬಿಟರ್‌ಸ್ವೀಟ್ ಕಾಯಿಗಳೂ ತಿನ್ನುವಂಥವಲ್ಲ. ಸಡಿಲ ಗ್ಲಿಟರ್ ತಟ್ಟೆಗೆ ಬಿದ್ದೇ ಬೀಳುತ್ತದೆ. ಜೇಡರಬಲೆಯ ಹತ್ತಿಯನ್ನು ಆಚೆಕಡೆ ಕಾಣುವಷ್ಟು ತೆಳ್ಳಗೆ ಎಳೆದು ಎತ್ತರದ ಕೊಂಬೆಗಷ್ಟೇ ಹಾಕಿ, ಕೆಳಗಿದ್ದರೆ ಫೋರ್ಕಿಗೆ ಸುತ್ತಿಕೊಂಡು ಬಾಯಿಗೆ ಬರುತ್ತದೆ. ತಂದ ಒಣಕೊಂಬೆಯನ್ನು ಒಂದು ದಿನ ಬಿಸಿಲಿಗೆ ಹಾಕಿ ಕೊಡವದಿದ್ದರೆ ಇರುವೆಗಳೂ ಊಟಕ್ಕೆ ಹಾಜರ್.

ಕಾಯಿಗೆ ಬಣ್ಣ ಹಚ್ಚುವುದಾದರೆ ಮೈಯನ್ನು ಸ್ಪಿರಿಟ್‌ನಿಂದ ಒರೆಸಿ, ಹೊಳಪಿಲ್ಲದ (ಮ್ಯಾಟ್) ಅಕ್ರಿಲಿಕ್ ಬಣ್ಣ ಎರಡು ಪದರ ಕೊಡಿ. ಸಿಪ್ಪೆಯ ಮೇಣ ಹೋಗದಿದ್ದರೆ ಬಣ್ಣ ಹಾಳೆಯಂತೆ ಕಿತ್ತು ಬರುತ್ತದೆ. ಇದು ಒಂದು ವಾರ ಮೊದಲೇ ಆಗುವ ಕೆಲಸ. ಕೆತ್ತನೆ ಹಿಂದಿನ ದಿನ, ಹೂ ಅಂದೇ ಮಧ್ಯಾಹ್ನ.

ಹಬ್ಬ ಮುಗಿದ ಮೇಲೆ ಕೊಯ್ಯದ, ಬಣ್ಣ ಹಚ್ಚದ ಕಾಯಿಗಳು ಹುಳಿಗೋ ಪಲ್ಯಕ್ಕೋ ಆಗುತ್ತವೆ, ಜ್ಯಾಕ್ ಬಿ ಲಿಟಲ್ ಕೂಡ ತಿನ್ನುವಂಥದ್ದೇ. ಕೆತ್ತಿ ಹೊರಗಿಟ್ಟದ್ದು, ಬ್ಲೀಚ್ ಸೋಕಿದ್ದು ಅಡುಗೆಗೆ ಬೇಡ. ಮೇಣ ಕೆರೆದು, ಬಣ್ಣದ ಸಿಪ್ಪೆ ಹೆರೆದು ಗೊಬ್ಬರದ ಗುಂಡಿಗೆ ಹಾಕಿ. ಬೀಜ ತೆಗೆದು ಹಾಕಿದರೆ ಒಳ್ಳೆಯದು, ಇಲ್ಲದಿದ್ದರೆ ಗುಂಡಿಯಲ್ಲೇ ಬಳ್ಳಿ ಏಳುತ್ತದೆ.