ಐಪ್ಟೇಸಿಯಾ ಕಾಟ: ಎಲ್ಲ ಇರೋದು ಪಾದದಲ್ಲಿ

ಹವಳ ಸಾಕುವ ನನ್ನ ಕಡಲ ನೀರಿನ ಅಕ್ವೇರಿಯಂಗೆ ಹೊಸದಾಗಿ ತಂದ ಬಂಡೆಯ ಸಂದಿಯಲ್ಲಿ ಸಣ್ಣ ಕಂದು ಹೂವೊಂದು ಅರಳಿ ನಿಂತಿದ್ದನ್ನು ಕಂಡು ಮೊದಲು ಖುಷಿಪಟ್ಟವನು ನಾನು. ಬಿಟ್ಟಿಯಾಗಿ ಒಂದು ಜೀವ ಜೊತೆಗೆ ಬಂತಲ್ಲ ಅಂತ. ಅದು ಐಪ್ಟೇಸಿಯಾ ಅನ್ನೋ ಕಾಟದ ಅನಿಮೋನಿ, ಅಂದರೆ ಹೂವಿನಂತೆ ಕಾಣುವ ಕಡಲ ಪ್ರಾಣಿ, ಎಂದು ಗೊತ್ತಾದ ದಿನ ಚಿಮುಟ ತಗೊಂಡು ಕಿತ್ತೆ. ಸಲೀಸಾಗಿ ಬಂತು ಕೂಡ. ಮೂರು ವಾರ ಕಳೆದ ಮೇಲೆ ನೋಡಿದರೆ, ಅದೇ ಜಾಗದ ಸುತ್ತ ಉಂಗುರದ ಹಾಗೆ ಏಳು ಮರಿಗಳು. ಸಾಸಿವೆಯಷ್ಟು ಗಾತ್ರ, ಆದರೂ ಒಂದೊಂದಕ್ಕೂ ಆಗಲೇ ಕೂದಲಿನಂಥ ಕೈಗಳು.

ಯಾಕೆ ಹೀಗಾಯ್ತು ಅಂತ ಓದಿಕೊಂಡ ಮೇಲೆ ಉಳಿದ ಉಪಾಯಗಳೆಲ್ಲ ತಲೆಗೆ ಹತ್ತಿದವು. ಅನಿಮೋನಿ ಬಂಡೆಗೆ ಅಂಟಿಕೊಳ್ಳೋದು ತಳದಲ್ಲಿರುವ ಚಪ್ಪಟೆ ಪಾದದಿಂದ. ಐಪ್ಟೇಸಿಯಾದ ಪಾದದ ಅಂಚಿನಿಂದ ಚೂರುಗಳು ಹರಿದು ಹಿಂದೆ ಉಳಿಯುತ್ತವೆ. ಪ್ರತಿ ಚೂರಿಗೂ ಬಾಯಿ, ಕೈ ಮೂಡಿ ಅದೇ ಒಂದು ಹೊಸ ಪ್ರಾಣಿ ಆಗುತ್ತದೆ. ಮೊಟ್ಟೆಯಿಂದ ಹುಟ್ಟುವ ದಾರಿಯೂ ಅದಕ್ಕಿದೆ, ಆದರೆ ಟ್ಯಾಂಕಿನಲ್ಲಿ ನಮ್ಮನ್ನು ಸುಸ್ತು ಮಾಡೋದು ಜಾಸ್ತಿ ಈ ಚೂರುಗಳೇ. ಚಿಮುಟ ಹಿಡಿದು ನಾನು ಮಾಡಿದ್ದು ಅದರದ್ದೇ ಕೆಲಸ! ಕೆರೆದರೂ ಅಷ್ಟೇ, ಬ್ಲೇಡು ಹಾಕಿದರೂ ಅಷ್ಟೇ.

ಲೈಟು ಆರಿಸಿ ಸಾಯಿಸೋಣ ಅಂದರೆ ಅದೂ ಆಗಲ್ಲ. ಇದರ ಮೈಯೊಳಗೆ ಹವಳಕ್ಕಿರುವ ಹಾಗೆಯೇ ಸೂಕ್ಷ್ಮ ಪಾಚಿ ಇರುತ್ತದೆ, ಕಂದು ಬಣ್ಣ ಅದರದ್ದು. ಪಾಚಿ ಹೋದರೆ ಪ್ರಾಣಿ ಬೆಳ್ಳಗಾಗುತ್ತದೆ, ಆದರೆ ಸಿಕ್ಕಿದ್ದನ್ನು ಹಿಡಿದು ತಿಂದು ಬದುಕುತ್ತದೆ. ಪ್ರಯೋಗಾಲಯದವರಿಗೆ ಇದು ಇಷ್ಟವಾಗಿರೋದೂ ಈ ಗಟ್ಟಿತನಕ್ಕೇ. ಹವಳ ಮತ್ತು ಪಾಚಿಯ ನಂಟನ್ನು ತಿಳಿಯಲು ಹವಳದ ಬದಲು ಇದನ್ನೇ ಸಾಕುತ್ತಾರೆ. 2015ರಲ್ಲಿ ಇದರ ಜೀನೋಮ್, ಅಂದರೆ ಪೂರ್ತಿ ವಂಶವಾಹಿ ಮಾಹಿತಿ ಕೂಡ ಪ್ರಕಟವಾಯಿತು. ನಮಗೆ ತಲೆನೋವು, ಅವರಿಗೆ ಚಿನ್ನ.

ಕೈ ಹಾಕುವ ಮೊದಲು ಗುರುತು ಸರಿಯಾಗಿರಲಿ. ಐಪ್ಟೇಸಿಯಾಗೆ ಉದ್ದನೆಯ ಕೊಳವೆಯಂಥ ಮೈ, ತುದಿ ಚೂಪಾದ ಕೈಗಳು, ಸ್ವಲ್ಪ ಗಾಜಿನಂಥ ನೋಟ. ಮಜಾನೊ ಅನ್ನೋ ಇನ್ನೊಂದು ಕಾಟದ ಅನಿಮೋನಿ ಕುಳ್ಳ. ಕೈಗಳು ಮೋಟು, ತುದಿ ಗುಂಡಗೆ, ಎಷ್ಟೋ ಸಲ ಹಸಿರು ಛಾಯೆ. ಇದನ್ನು ಜನ ಇಷ್ಟಪಟ್ಟು ಸಾಕುವ ಬಬಲ್ ಟಿಪ್ ಅನಿಮೋನಿಯ ಮರಿ ಅಂದುಕೊಂಡು ಪ್ರೀತಿಯಿಂದ ಊಟ ಹಾಕುವವರೂ ಇದ್ದಾರೆ. ಎರಡೂ ಪಕ್ಕದ ಹವಳವನ್ನು ಚುಚ್ಚಿ ಹಾಳು ಮಾಡುತ್ತವೆ.

ನಾಲ್ಕಾರು ಇದ್ದರೆ ನನ್ನ ಆಯ್ಕೆ ಸುಣ್ಣ. ಅಕ್ವೇರಿಯಂನವರು ಕಾಲ್ಕ್‌ವಾಸರ್ ಅನ್ನೋದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ನೀರಿಗೆ, ಅಂದರೆ ಅರಳಿದ ಸುಣ್ಣದ ತಿಳಿಗೆ. ಅದೇ ಪುಡಿಗೆ ತುಸುವೇ ನೀರು ಹಾಕಿ, ಸಿರಿಂಜಿನಲ್ಲಿ ಎಳೆಯಲು ಬರುವಷ್ಟು ಗಟ್ಟಿಗೆ ಕಲಸಿ. ಇದರ ಪಿಎಚ್ 12 ದಾಟುತ್ತದೆ, ಕೈಗವಸು ಮತ್ತು ಕನ್ನಡಕ ಬೇಕೇ ಬೇಕು. ಪಂಪ್ ಆಫ್ ಮಾಡಿ. ಇನ್ನು ನಿಧಾನ. ಸೂಜಿ ಸ್ವಲ್ಪ ತಾಗಿದರೂ ಅದು ಸರಕ್ಕನೆ ಬಿಲದೊಳಗೆ ಹೋಗುತ್ತದೆ. ಕೆಣಕಿದರೆ ಮೈಯಿಂದ ಬಿಳಿ ದಾರದಂಥ ಎಳೆಗಳನ್ನು ಹೊರಗೆ ಬಿಡುತ್ತದೆ. ಅವು ಚುಚ್ಚುವ ಎಳೆಗಳು. ಹಾಗಾಗಿ ಪಕ್ಕದಿಂದ ಹೋಗದೆ ಮೇಲಿಂದ ಬನ್ನಿ. ಬಾಯಿಯ ಮೇಲೆ ಒಂದು ಹನಿ ಬಿಡಿ, ಅದು ಮುದುಡಿದ ಕೂಡಲೇ ಇಡೀ ಬಿಲ ಮುಚ್ಚುವಷ್ಟು ಪೇಸ್ಟ್ ಹಾಕಿ. ಪಾದ ಮುಚ್ಚದಿದ್ದರೆ ಕೆಲಸ ಆದ ಹಾಗಲ್ಲ. ಕಾಲು ಗಂಟೆ ಬಿಟ್ಟು ಪಂಪ್ ಹಾಕಿ. ಸಣ್ಣ ಟ್ಯಾಂಕಾದರೆ ದಿನಕ್ಕೆ ಮೂರ್ನಾಲ್ಕು ಸಾಕು, ಇಲ್ಲದಿದ್ದರೆ ಇಡೀ ನೀರಿನ ಪಿಎಚ್ ಏರಿ ಮೀನಿಗೆ ಕಷ್ಟ.

ಸೂಪರ್ ಗ್ಲೂನಿಂದ ಮುಚ್ಚೋದೂ ಇದೆ. ಪಕ್ಕದ ತೂತಿನಿಂದ ತೂರಿ ಬರುತ್ತದೆ, ನನಗೆ ನಂಬಿಕೆ ಇಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಬಂಡೆಯನ್ನು ಕುದಿಸಬೇಡಿ. ಅದರ ಮೇಲೆ ಪಾಲಿಥೋವಾದಂಥ ಹವಳದ ಸಂಬಂಧಿಗಳಿದ್ದರೆ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರಬಹುದು. ಕುದಿಸಿದಾಗ ಆವಿಯ ಜೊತೆ ಎದ್ದು ಮನೆಯವರೆಲ್ಲ ಆಸ್ಪತ್ರೆ ಸೇರಿದ್ದುಂಟು.

ನೂರಾರು ಇದ್ದರೆ ಸಿರಿಂಜು ಹಿಡಿದು ಕೂರೋದು ವ್ಯರ್ಥ, ತಿನ್ನುವವರನ್ನು ಕರೆಯಬೇಕು. ಪೆಪ್ಪರ್‌ಮಿಂಟ್ ಸೀಗಡಿ ಮೊದಲ ಹೆಸರು. ಸಣ್ಣವನ್ನು ತಿನ್ನುತ್ತದೆ, ದೊಡ್ಡವನ್ನು ಎಷ್ಟೋ ಸಲ ಸುಮ್ನೆ ಬಿಡುತ್ತದೆ. ಮೀನಿನ ಊಟ ಧಾರಾಳವಾಗಿ ಸಿಕ್ಕರೆ ತಿರುಗಿಯೂ ನೋಡಲ್ಲ. ಇದರ ಹೆಸರಿನಲ್ಲಿ ಗೂನುಬೆನ್ನಿನ, ಎದ್ದು ಕಾಣುವ ಬಿಳಿ ಪಟ್ಟೆಯ ಕ್ಯಾಮಲ್ ಸೀಗಡಿ ಬಂದುಬಿಟ್ಟರೆ ಹವಳಕ್ಕೇ ಬಾಯಿ ಹಾಕುತ್ತದೆ, ಜೋಕೆ. ಕಾಪರ್‌ಬ್ಯಾಂಡ್ ಚಿಟ್ಟೆಮೀನು ತಿನ್ನುತ್ತದೆ, ಆದರೆ ಸಾಕೋದು ಕಷ್ಟ. ಎಷ್ಟೋ ಮೀನು ಊಟವನ್ನೇ ಮುಟ್ಟದೆ ಸೊರಗುತ್ತವೆ.

ನನಗೆ ಮೆಚ್ಚುಗೆ ಆಗಿದ್ದು ಬರ್ಗಿಯಾ. ಬೆನ್ನ ಮೇಲೆ ಬೆರಳುಗಳಂಥ ಕುಚ್ಚು ಇರುವ ಸಣ್ಣ ಕಡಲ ಗೊಂಡೆಹುಳು, ಚಿಪ್ಪಿಲ್ಲ. ಐಪ್ಟೇಸಿಯಾ ಬಿಟ್ಟರೆ ಬೇರೇನೂ ತಿನ್ನಲ್ಲ, ಮಜಾನೊವನ್ನೂ ಮುಟ್ಟಲ್ಲ. ತಿಂದ ಚುಚ್ಚುವ ಕಣಗಳನ್ನು ಅರಗಿಸದೆ ಆ ಕುಚ್ಚಿನ ತುದಿಗೆ ಸಾಗಿಸಿ ತನ್ನ ಆಯುಧ ಮಾಡಿಕೊಳ್ಳುತ್ತದೆ! ಹಗಲು ಕಾಣಿಸದು, ರಾತ್ರಿ ಓಡಾಟ. ರ್‍ಯಾಸ್ ಮೀನು, ಸೀಗಡಿಗಳು ಇದನ್ನೇ ತಿಂದುಬಿಡಬಹುದು. ಅದಕ್ಕೇ ಪೆಪ್ಪರ್‌ಮಿಂಟ್ ಮತ್ತು ಬರ್ಗಿಯಾ ಒಟ್ಟಿಗೆ ಬೇಡ. ಐಪ್ಟೇಸಿಯಾ ಮುಗಿದರೆ ಇವು ಹಸಿವಿನಿಂದ ಸಾಯುತ್ತವೆ, ಅಷ್ಟರಲ್ಲಿ ಕಾಟ ಇರುವ ಇನ್ನೊಬ್ಬರಿಗೆ ಕೊಟ್ಟುಬಿಡಿ.

ಹೊಸ ಹವಳ ತಂದಾಗ ಅದು ಅಂಟಿರುವ ಪ್ಲಗ್ ಅನ್ನೋ ಸಣ್ಣ ಬಿಲ್ಲೆ ತೆಗೆದುಹಾಕಿ ಬೇರೆಯದಕ್ಕೆ ಅಂಟಿಸಿ, ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಪ್ಲಗ್‌ನ ಅಡಿಭಾಗ ಮರೆಯಬೇಡಿ, ನನ್ನದು ಎರಡನೇ ಸಲ ಬಂದದ್ದು ಅಲ್ಲಿಂದಲೇ. ಈಗ ಲೈಟು ಆರಿ ಒಂದು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ಪೈಪಿನ ಬುಡ, ಬಂಡೆಯ ನೆರಳು ಎಲ್ಲ ನೋಡ್ತೀನಿ. ನಿನ್ನೆ ಒಂದು ಸಿಕ್ಕಿತು, ಪಂಪಿನ ಹಿಂದೆ, ಪೂರ್ತಿ ಬಿಳಿ.