ಗಡ್ಡೆಗೆ ನೀರು ನಿಲ್ಲಿಸುವ ಸೂಜಿ

ಸಿಂಧನೂರಿನಲ್ಲಿ ಫೆಬ್ರವರಿ ಮುಗಿಯುವ ಮೊದಲೇ ಬಿಸಿಲು ಸುಡಲು ಶುರು ಮಾಡುತ್ತದೆ. ಅಂಥ ಬಿಸಿಲಲ್ಲಿ ಸಣ್ಣವ್ವನಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ರಾಯಚೂರಿನಿಂದ ಬಸ್ಸಿನಲ್ಲಿ ಒಂದು ಇಂಜೆಕ್ಷನ್ ತಂದಿದ್ದೆ. ಥರ್ಮಾಕೋಲ್ ಡಬ್ಬಿ, ಒಳಗೆ ಐಸ್ ಪ್ಯಾಕ್, ಅದು ನನ್ನ ತೊಡೆಯ ಮೇಲೆ. 25 ಡಿಗ್ರಿ ದಾಟಬಾರದು ಎಂದು ಮೆಡಿಕಲ್ ಶಾಪಿನವರು ಎರಡೆರಡು ಸಲ ಹೇಳಿ ಕಳಿಸಿದ್ದರು. ನರ್ಸ್ ಪೊಟ್ಟಣ ಹರಿದಾಗ ಸಿರಿಂಜಿನೊಳಗೆ ಕಂಡದ್ದು ನೀರಿನಂಥ ಔಷಧಿ ಅಲ್ಲ. ಸೋನಾ ಮಸೂರಿಯ ಎರಡು ಕಾಳು ಉದ್ದಕ್ಕೆ ಜೋಡಿಸಿಟ್ಟಂಥ ಒಂದು ಬಿಳಿ ಕಡ್ಡಿ. ಸೂಜಿಯೂ ದಪ್ಪ. ಹೊಕ್ಕುಳಿನ ಕೆಳಗೆ ಚರ್ಮದಡಿ ಅದನ್ನು ಸೇರಿಸಿದರು.

ಸಣ್ಣವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಇಷ್ಟಕ್ಕ ನನ್ನ ಗಡ್ಡಿ ಕರಗತೈತೇನ್ರಿ?"

"ಕರಗಲ್ಲಮ್ಮ, ಬಾಡ್ತದೆ," ಅಂದರು ಡಾಕ್ಟರಮ್ಮ.

ಈ ಎರಡು ಮಾತಿನ ನಡುವಿನ ಅಂತರ ನಮಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಗರ್ಭಕೋಶದ ಗೋಡೆ ಸ್ನಾಯುವಿನಿಂದ ಆದದ್ದು. ಆ ಸ್ನಾಯುವಿನ ಒಂದು ಜೀವಕೋಶ ದಾರಿ ತಪ್ಪಿ ಬೆಳೆದು ಗಂಟಾದರೆ ಅದೇ ಫೈಬ್ರಾಯ್ಡ್. ಕ್ಯಾನ್ಸರ್ ಅಲ್ಲ. ಐವತ್ತು ವರ್ಷ ತುಂಬುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಒಂದಾದರೂ ಇರುತ್ತದೆ. ಬಹಳಷ್ಟು ಜನರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಸಣ್ಣವ್ವನ ಅದೃಷ್ಟ ಹಾಗಿರಲಿಲ್ಲ. ಗಡ್ಡೆ ಸೇರಿ ಗರ್ಭಚೀಲ ನಾಲ್ಕು ತಿಂಗಳ ಬಸುರಿಯಷ್ಟು ಬೆಳೆದಿತ್ತು. ಮುಟ್ಟು ಹತ್ತು ದಿನವಾದರೂ ನಿಲ್ಲುತ್ತಿರಲಿಲ್ಲ. 12 ಇರಬೇಕಾದ ಹಿಮೋಗ್ಲೋಬಿನ್ 6.4ಕ್ಕೆ ಇಳಿದಿತ್ತು. "ಈ ರಕ್ತದಲ್ಲಿ ಆಪರೇಷನ್ ಮಾಡೋಕೆ ಆಗಲ್ಲ" ಎಂದು ಅರಿವಳಿಕೆ ಡಾಕ್ಟರು ಕೈಚೆಲ್ಲಿದ್ದರು. ಅದಕ್ಕೇ ಈ ಸೂಜಿ. ತಿಂಗಳಿಗೊಂದರಂತೆ ಮೂರು, ಜೊತೆಗೆ ಕಬ್ಬಿಣದ ಮಾತ್ರೆ.

ಫೈಬ್ರಾಯ್ಡ್ ಬದುಕುವುದು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳ ಮೇಲೆ. ನಮ್ಮ ಎಡದಂಡೆ ಕಾಲುವೆಯಲ್ಲಿ ಜೊಂಡು ಬೆಳೆಯುತ್ತಲ್ವಾ, ಹಾಗೆ. ನೀರು ಇರುವವರೆಗೆ ಅದರ ದರ್ಬಾರು. ನೀರು ನಿಲ್ಲಿಸಿದರೆ ಬಾಡುತ್ತದೆ. ಮುಟ್ಟು ನಿಂತ ಮೇಲೆ ಗಡ್ಡೆಗಳು ತಾವಾಗೇ ಕುಗ್ಗುವುದು ಇದಕ್ಕೇ. ಹಾಗಾದರೆ ನಲವತ್ತೆರಡರ ಹೆಂಗಸಿಗೆ ಮೂರು ತಿಂಗಳ ಮಟ್ಟಿಗೆ ಕಾಲುವೆ ಬಂದ್ ಮಾಡುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಸಿಕ್ಕ ಕತೆ ಹಂದಿ, ಕುರಿಗಳಿಂದ ಶುರುವಾಗುತ್ತದೆ. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಒಂದು ಚೀಟಿ ಕಳಿಸುತ್ತದೆ. ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ಆ ಚೀಟಿ ನೋಡಿ ಅಂಡಾಶಯಕ್ಕೆ ಹುಕುಂ ಕೊಡುತ್ತದೆ. ಆಗ ಹಾರ್ಮೋನು ಹರಿಯುತ್ತದೆ. ಆ ಚೀಟಿಯೂ ಒಂದು ಹಾರ್ಮೋನೇ, ಹೆಸರು ಜಿಎನ್‌ಆರ್‌ಎಚ್. ಆಂಡ್ರ್ಯೂ ಶಾಲಿ ಹಂದಿಗಳ ಮಿದುಳಿನಿಂದ, ರೋಜರ್ ಗಿಲ್ಮಾ ಕುರಿಗಳ ಮಿದುಳಿನಿಂದ ಅದನ್ನು ಹುಡುಕಲು ಜಿದ್ದಿಗೆ ಬಿದ್ದರು. ಕಸಾಯಿಖಾನೆಗಳಿಂದ ತರಿಸಿದ ಮಿದುಳಿನ ಚೂರುಗಳ ಲೆಕ್ಕ ಲಕ್ಷಗಳಲ್ಲಿತ್ತು. 1971ರಲ್ಲಿ ಅದರ ರಚನೆ ಗೊತ್ತಾಯಿತು: ಬರೀ ಹತ್ತು ಅಮೈನೋ ಆಮ್ಲಗಳ ಪುಟ್ಟ ಸರ. 1977ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಇದಕ್ಕಿಂತ ಹೆಚ್ಚು ಕಾಲ ನಿಲ್ಲುವ, ಹೆಚ್ಚು ಜೋರಾದ ನಕಲು ಮಾಡಿದರೆ ಮಕ್ಕಳಾಗದವರಿಗೆ ಔಷಧಿ ಆದೀತು ಎಂಬ ಆಸೆ ಇತ್ತು. ಆದದ್ದು ಪೂರಾ ಉಲ್ಟಾ. 1978ರಲ್ಲಿ ಅರ್ನ್‌ಸ್ಟ್ ನೋಬಿಲ್ ಅವರ ತಂಡ ಕೋತಿಗಳಲ್ಲಿ ತೋರಿಸಿದ್ದು ಇದನ್ನೇ. ಗಂಟೆಗೊಮ್ಮೆ ಈ ಹಾರ್ಮೋನು ಕೊಟ್ಟರೆ ಪಿಟ್ಯುಟರಿ ಸರಿಯಾಗಿ ಕೆಲಸ ಮಾಡುತ್ತದೆ. ಬಿಡುವೇ ಇಲ್ಲದೆ ಕೊಟ್ಟರೆ ಮುಷ್ಕರ ಹೂಡುತ್ತದೆ.

ಕಾಲುವೆಯ ಕೊನೆ ಭಾಗದ ರೈತರಿಗೆ ಇದು ಬೇಗ ಅರ್ಥವಾದೀತು. ಗೇಟ್ ನೋಡಿಕೊಳ್ಳುವವನಿಗೆ ಗಂಟೆಗೊಂದು ಫೋನ್ ಮಾಡಿದರೆ ಬಂದು ಗೇಟ್ ಎತ್ತುತ್ತಾನೆ. ಹಗಲು ರಾತ್ರಿ ಬಿಡದೆ ಬಡಿದರೆ ಫೋನೇ ಸ್ವಿಚ್ ಆಫ್. ಪಿಟ್ಯುಟರಿಯ ಜೀವಕೋಶಗಳೂ ಚೀಟಿ ಹಿಡಿಯುವ ತಮ್ಮ ಕೈಗಳನ್ನೇ ಒಳಗೆ ಎಳೆದುಕೊಳ್ಳುತ್ತವೆ. ಗೋಸೆರೆಲಿನ್, ಲ್ಯೂಪ್ರೊಲೈಡ್ ಇಂಥ ಬಿಡದೆ ಬಡಿಯುವ ನಕಲುಗಳು. ಆ ಬಿಳಿ ಕಡ್ಡಿ 28 ದಿನ ಚೂರುಚೂರೇ ಕರಗುತ್ತ ಫೋನ್ ಮಾಡುತ್ತಲೇ ಇರುತ್ತದೆ.

ಇಲ್ಲೊಂದು ತೊಡಕಿದೆ. ಫೋನ್ ಆಫ್ ಆಗುವ ಮೊದಲು ಗೇಟಿನವನು ಒಂದಿಷ್ಟು ಹೊತ್ತು ಹೆದರಿ ಪೂರ್ತಿ ಗೇಟ್ ಎತ್ತಿಬಿಡುತ್ತಾನೆ. ಮೊದಲ ಒಂದೆರಡು ವಾರ ಹಾರ್ಮೋನು ಇಳಿಯುವ ಬದಲು ಏರುತ್ತದೆ. ಸಣ್ಣವ್ವನಿಗೆ ಆ ಸಲದ ಮುಟ್ಟು ಮೊದಲಿಗಿಂತ ಜಾಸ್ತಿಯೇ ಆಯಿತು. ದುಡ್ಡು ಕೊಟ್ಟು ಮೋಸ ಹೋದೆವು ಅಂತ ಕಾಕಾ ಕೂಗಾಡಿದ. ಇದನ್ನು ಮೊದಲೇ ಹೇಳುವ ಡಾಕ್ಟರು ಅರ್ಧ ಚಿಕಿತ್ಸೆ ಮುಗಿಸಿದ ಹಾಗೆ ಅಂತ ನನ್ನ ಅನಿಸಿಕೆ.

ಆಮೇಲೆ ನೀರು ನಿಂತಿತು. ಎರಡನೇ ಸೂಜಿಯ ಹೊತ್ತಿಗೆ ಮುಟ್ಟಿಲ್ಲ. ಮೂರು ತಿಂಗಳಲ್ಲಿ ಗಡ್ಡೆ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಕುಗ್ಗುತ್ತದೆ. ಹಿಮೋಗ್ಲೋಬಿನ್ 10.8ಕ್ಕೆ ಬಂತು. ಈಸ್ಟ್ರೋಜನ್ ಹೋದ ಮೇಲೆ ಮೈ ಸುಮ್ಮನಿರುವುದಿಲ್ಲ ಬಿಡಿ. ಇದ್ದಕ್ಕಿದ್ದಂತೆ ಒಳಗಿನಿಂದ ಕೆಂಡ ಹಾಯ್ದ ಹಾಗೆ, ಬೆವರು, ನಿದ್ದೆ ಇಲ್ಲ. ರಾಯಚೂರು ಜಿಲ್ಲೆಯ ಏಪ್ರಿಲ್‌ನಲ್ಲಿ ಯಾವುದು ಔಷಧಿಯ ಬಿಸಿ, ಯಾವುದು ಸೂರ್ಯನದು ಅಂತ ಹೇಳುವುದು ಕಷ್ಟ! ಮೂಳೆಯ ಮಾತು ಮಾತ್ರ ತಮಾಷೆಯದಲ್ಲ. ಈಸ್ಟ್ರೋಜನ್ ಇಲ್ಲದೆ ಮೂಳೆ ಸವೆಯುತ್ತದೆ. ಅದಕ್ಕೇ ಒಂಟಿಯಾಗಿ ಈ ಸೂಜಿಯನ್ನು ಆರು ತಿಂಗಳಿಗಿಂತ ಮುಂದೆ ಎಳೆಯುವುದಿಲ್ಲ.

ಈಗ ಮಾತ್ರೆಗಳೂ ಬಂದಿವೆ. ರೆಲುಗೋಲಿಕ್ಸ್ ಇರುವ ಮಾತ್ರೆಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಪಿಟ್ಯುಟರಿಯನ್ನು ದಣಿಸುವುದಿಲ್ಲ, ಚೀಟಿ ಕೈಗೆ ಸಿಗದಂತೆ ನೇರ ಅಡ್ಡ ನಿಲ್ಲುತ್ತದೆ. ಹಾಗಾಗಿ ಮೊದಲ ವಾರಗಳ ಆ ಏರಿಕೆ ಇಲ್ಲ. ಅದೇ ಮಾತ್ರೆಯಲ್ಲಿ ಚೂರು ಈಸ್ಟ್ರೋಜನ್ನನ್ನೂ ಪ್ರೊಜೆಸ್ಟರಾನ್ ಬಗೆಯದ್ದನ್ನೂ ಸೇರಿಸಿರುತ್ತಾರೆ. ಮೂಳೆಗೆ ಸಾಲುವಷ್ಟು, ಗಡ್ಡೆಗೆ ಸಾಲದಷ್ಟು. ಕಾಲುವೆ ಬಂದ್ ಮಾಡಿ ಕುಡಿಯುವ ನೀರಿಗೆ ಮಾತ್ರ ಬಿಡುವ ಲೆಕ್ಕ. ಇದನ್ನು ಎರಡು ವರ್ಷದವರೆಗೆ ಕೊಡಬಹುದು. ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಆಗುವುದಿಲ್ಲ.

ಮೇ ತಿಂಗಳಲ್ಲಿ ಆಪರೇಷನ್ ಆಗಬೇಕಿತ್ತು. ಸಣ್ಣವ್ವ ಒಲ್ಲೆ ಅಂದಳು. "ಆರಾಮಾಗೀನಿ, ನಾಟಿ ಮುಗೀಲಿ." ನಾನೂ ಹೌದು ಅಂದೆ, ತಪ್ಪು ನನ್ನದೂ ಇದೆ. ನಮ್ಮ ಕಡೆ ಸಣ್ಣ ವಯಸ್ಸಿಗೇ ಗರ್ಭಚೀಲ ತೆಗೆಸಿಕೊಂಡವರು ಓಣಿಗೆ ಇಬ್ಬರಾದರೂ ಸಿಗುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿರುವ ಆಂಧ್ರ, ತೆಲಂಗಾಣ ಎರಡೂ ನಮ್ಮ ಜಿಲ್ಲೆಗೆ ಅಂಟಿಕೊಂಡೇ ಇವೆ. ಔಷಧಿಯಲ್ಲೇ ಹೋದರೆ ಹೋಗಲಿ ಎಂಬ ಆಸೆ ಅಲ್ಲಿಂದ ಬಂದದ್ದು. ಮುಟ್ಟು ನಿಲ್ಲುವ ಹೊಸ್ತಿಲಲ್ಲಿ ಇರುವವರಿಗೆ ಆ ಆಸೆ ತಪ್ಪೇನಲ್ಲ. ಸ್ವಲ್ಪ ದಿನ ಕಾಲುವೆ ಬಂದ್ ಇಟ್ಟರೆ, ಮುಂದೆ ನೀರೇ ಬರುವುದಿಲ್ಲ. ನಲವತ್ತೆರಡಕ್ಕೆ ಆ ಲೆಕ್ಕ ಕೂಡುವುದಿಲ್ಲ. ಜೊಂಡು ಬಾಡಿದರೂ ಬೇರು ಕೆಸರಿನಲ್ಲೇ ಇರುತ್ತದೆ.

ದಸರೆಯ ಹೊತ್ತಿಗೆ ಗಡ್ಡೆ ಹಳೇ ಗಾತ್ರಕ್ಕೆ ಬಂದಿತ್ತು. ಹಿಮೋಗ್ಲೋಬಿನ್ ಮತ್ತೆ 7. ಮತ್ತೆ ಸೂಜಿ, ಈ ಸಲ ಕಬ್ಬಿಣವನ್ನು ನರಕ್ಕೇ ಏರಿಸಿದರು. ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯುವುದಾದರೆ ಈ ಸೂಜಿಯಿಂದ ಅದರ ಅಂಚು ಮಸುಕಾಗಿ ಕೆಲಸ ಕಷ್ಟವಾಗುವುದೂ ಉಂಟಂತೆ. ಗಡ್ಡೆ ಒಂದೆರಡಲ್ಲ, ಮಕ್ಕಳೂ ದೊಡ್ಡವರು. ಗರ್ಭಚೀಲ ತೆಗೆದು ಅಂಡಾಶಯ ಉಳಿಸುವುದು ಎಂದು ಸಣ್ಣವ್ವನೇ ತೀರ್ಮಾನ ಮಾಡಿದಳು. ಅಂಬಾಮಠದ ಜಾತ್ರೆ ಮುಗಿದ ವಾರಕ್ಕೆ ಆಪರೇಷನ್ ಆಯಿತು. ರಕ್ತದ ಒಂದು ಬಾಟಲಿಯೂ ಬೇಕಾಗಲಿಲ್ಲ.

ತೆಗೆದದ್ದನ್ನು ಸ್ಟೀಲ್ ಟ್ರೇನಲ್ಲಿ ತಂದು ತೋರಿಸಿದರು. ಬಿಳಿ, ಗಟ್ಟಿ, ಕೊಯ್ದ ಕಡೆ ನೂಲಿನ ಉಂಡೆಯ ಹಾಗೆ ಸುರುಳಿ ಸುರುಳಿ. ಮರುದಿನ ಸಣ್ಣವ್ವ ನನ್ನ ಮೊಬೈಲಿನಲ್ಲಿ ಅದರ ಫೋಟೋ ನೋಡಿದಳು. "ಇಷ್ಟ ಇದ್ದದ್ದು ಅಷ್ಟು ರಕ್ತ ಕುಡೀತಾ?" ಅಂದಳು. ಫೋನ್ ವಾಪಸ್ ಕೊಟ್ಟು, ಕಾಕಾನ ಕಡೆ ತಿರುಗಿ ಕೇಳಿದಳು, "ಕಾಲುವಿಗೆ ನೀರು ಬಿಟ್ಟಾರೇನು?"